ಅಣ್ಣನ ಹಣೆಗೆ ಕೆಂಪು ಬೆಳಕು

ನಮ್ಮ ಪ್ರಯೋಗಾಲಯದ ಯಂತ್ರ ಒಂದು ಸಲ ಕುಂಬಳಕಾಯಿಯ ಮಿದುಳಿನಲ್ಲಿ ಎಷ್ಟು ಆಮ್ಲಜನಕ ಇದೆ ಎಂದು ಹೇಳಿಬಿಟ್ಟಿತು. ನೂರಕ್ಕೆ ಅರವತ್ತರ ಮೇಲೆ ಚಿಲ್ಲರೆ. ಮನೆಗೆ ಒಯ್ಯಲೆಂದು ಕೊಂಡಿದ್ದ ಕಾಯಿಯನ್ನು ಊಟದ ಬಿಡುವಿನಲ್ಲಿ ಮೇಜಿನ ಮೇಲಿಟ್ಟು, ತಮಾಷೆಗೆ ಅದರ ಹೊಟ್ಟೆಗೆ ಸೆನ್ಸರ್ ಅಂಟಿಸಿದವಳು ನಾನೇ. ಅಂಕಿ ನೋಡಿ ನಗು ತಡೆಯಲಾಗಲಿಲ್ಲ. ನಮ್ಮ ಕಚೇರಿಯ ಕೆಲವರ ಹಣೆಗೆ ಇಟ್ಟರೂ ಅಷ್ಟು ಬರುವುದು ಅನುಮಾನ.

ಹಿಂದೆ ಬಂದು ನಿಂತಿದ್ದ ಮೇಡಂ, ಅಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ಬೈಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಹಣೆಗೇರಿಸಿ ಅಂಕಿ ಓದಿದರು.

"ಯಂತ್ರ ಸುಳ್ಳು ಹೇಳ್ತಿಲ್ಲ ಕಣ್ರೀ. ನೀವು ಬೆಳಕು ಕಳಿಸಿದ್ರಿ, ಅದು ಒಳಗೆ ಹೋಗಿ ವಾಪಸ್ ಬಂತು. ಎಲ್ಲಿಗೆ ಹೋಗಿ ಬಂತು ಅನ್ನೋದನ್ನ ಅದಕ್ಕೆ ಕೇಳಬೇಡಿ, ನೀವು ತಿಳ್ಕೊಂಡಿರಿ."

ಆ ಮಾತು ಆಮೇಲೆ ನನ್ನ ಅಣ್ಣನ ವಿಷಯದಲ್ಲಿ ಎರಡು ಸಲ ಕೆಲಸಕ್ಕೆ ಬಂತು. ಎರಡು ಸಲವೂ ಮೇಡಂಗೇ ತಿರುಗಿಸಿ ಹೇಳುವ ಹಾಗಾಯಿತು.

ನಮ್ಮ ಕೆಲಸ ಕೇಳಲು ದೊಡ್ಡದು, ಒಳಗಿರುವ ವಿಷಯ ಸಣ್ಣದು. ಉರಿಯುವ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿದರೆ ಬೆರಳ ಸಂದುಗಳು ಕೆಂಪಗೆ ಹೊಳೆಯುತ್ತವಲ್ಲ, ಅದನ್ನು ನೋಡದ ಮಕ್ಕಳಿಲ್ಲ. ಕೆಂಪು ಬೆಳಕು, ಮತ್ತು ಅದರಾಚೆಯ ಕಣ್ಣಿಗೆ ಕಾಣದ ಬೆಳಕು, ಮಾಂಸ ಮೂಳೆ ಎನ್ನದೆ ಒಳಗೆ ನುಗ್ಗುತ್ತವೆ. ಹಣೆಯ ಮೇಲೆ ಒಂದು ಕಡೆ ಬಿಟ್ಟ ಬೆಳಕು ತಲೆಬುರುಡೆ ದಾಟಿ, ಮಿದುಳಿನ ಮೇಲ್ಪದರದಲ್ಲಿ ಅಡ್ಡಾಡಿ, ಎರಡು ಬೆರಳು ಆಚೆಗೆ ಸಣ್ಣಗೆ ಹೊರಬರುತ್ತದೆ. ಆಮ್ಲಜನಕ ತುಂಬಿಕೊಂಡ ರಕ್ತ ಒಂದು ಬಗೆಯ ಬೆಳಕನ್ನು ಹೆಚ್ಚು ನುಂಗುತ್ತದೆ, ಅದನ್ನು ಇಳಿಸಿ ಬಂದ ರಕ್ತ ಇನ್ನೊಂದು ಬಗೆಯದನ್ನು. ಹೋದದ್ದೆಷ್ಟು, ಬಂದದ್ದೆಷ್ಟು ಎಂದು ತಾಳೆ ನೋಡಿದರೆ ಒಳಗಿನ ರಕ್ತದ ಸಮಾಚಾರ ಸಿಗುತ್ತದೆ. ಪರದೆಯ ಮೇಲೆ ಆಮ್ಲಜನಕವಿರುವ ರಕ್ತಕ್ಕೆ ಕೆಂಪು ಗೆರೆ, ಇಲ್ಲದ್ದಕ್ಕೆ ನೀಲಿ ಗೆರೆ. ಸೂಜಿಯಿಲ್ಲ, ಕೊಯ್ಯುವುದಿಲ್ಲ, ಗುಂಯ್‌ಗುಡುವ ಕೊಳವೆಯೊಳಗೆ ಮಲಗಬೇಕಾಗಿಲ್ಲ.

ಚಿಕ್ಕವಳಿದ್ದಾಗ ಮನೆಯ ಟಾರ್ಚಿನ ಸೆಲ್ಲುಗಳನ್ನೆಲ್ಲ ನಾನು ಅಂಗೈ ನೋಡಿಯೇ ಖಾಲಿ ಮಾಡುತ್ತಿದ್ದೆ. ಕೆನ್ನೆಯೊಳಗೆ ಇಟ್ಟುಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಕರೆಂಟು ಹೋದ ದಿನ ಟಾರ್ಚು ಹತ್ತದೆ ಅಣ್ಣ ಕತ್ತಲಲ್ಲಿ ಎಡವಿ ಬಿದ್ದು, ಎದ್ದ ಮೇಲೆ ನನಗೆ ಇಟ್ಟ ಹೆಸರು 'ಟಾರ್ಚು'. ಇವತ್ತಿಗೂ ಅದೇ ಹೆಸರು. ನಲವತ್ತು ದಾಟಿದ ಹೆಂಗಸನ್ನು ಫೋನಿನಲ್ಲಿ 'ಏ ಟಾರ್ಚು' ಎಂದು ಕೂಗುವವನು ಅವನೊಬ್ಬನೇ.

ಅಣ್ಣ ನಗರದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ. ಭಾನುವಾರ ಸಂಜೆ ಉದ್ಯಾನದ ನಡುವಿನ ಮಂಟಪದಲ್ಲಿ ಅವರ ಕಾರ್ಯಕ್ರಮ. ಬಹಳ ವರ್ಷ ಎರಡನೆಯ ಸಾಲಿನಲ್ಲಿ ಕೂತು ಬೇರೆಯವರ ಬೆನ್ನು ನೋಡಿಕೊಂಡೇ ಊದಿದ. ಮೊದಲ ಟ್ರಂಪೆಟ್‌ನವರು ನಿವೃತ್ತರಾದಾಗ ಆ ಜಾಗ ಇವನಿಗೆ ಬಂತು. ಆ ಜಾಗದವನು ಒಬ್ಬನೇ ಎದ್ದುನಿಂತು, ಕೊನೆಯಲ್ಲಿ ಎತ್ತರದ ಸ್ವರವೊಂದನ್ನು ಹಿಡಿದು ನಿಲ್ಲಿಸಬೇಕು. ಅದನ್ನು ಕೇಳಲೆಂದೇ ಜನ ಬರುತ್ತಾರೆ. ಒಂದು ಕಾಲಕ್ಕೆ ಆ ಜಾಗ ಅಪ್ಪನದು.

ಆ ಜಾಗದಲ್ಲಿ ಎದ್ದುನಿಂತ ಮೊದಲ ಸಂಜೆಯೇ, ಅದೇ ಸ್ವರದಲ್ಲಿ ಅಣ್ಣ ಬಿದ್ದ. ಮುಂಗಡೆಯ ಕುರ್ಚಿಗೆ ಗದ್ದ ಬಡಿದು ಹೊಲಿಗೆ ಹಾಕಿಸಬೇಕಾಯಿತು.

ನಾನು ಆಸ್ಪತ್ರೆ ತಲುಪಿದಾಗ ಅವನು ಹಾಸಿಗೆಯ ಮೇಲೆ ಕೂತು ಸುತ್ತ ಪಿಳಿಪಿಳಿ ನೋಡುತ್ತಿದ್ದ. ಅಪ್ಪ ಅಮ್ಮ ನನ್ನ ಹಿಂದೆಯೇ ಬಂದರು. ಅಮ್ಮ ಅವನ ಕೈ ಹಿಡಿಯಲಿಲ್ಲ, ಗದ್ದದ ಪಟ್ಟಿ ನೋಡಲಿಲ್ಲ. ನೆಟ್ಟಗೆ ಹೋಗಿ ಬಗ್ಗಿ ಅವನ ಬಾಯಿ ಮೂಸಿದಳು.

"ಅಮ್ಮಾ!" ಎಂದೆ.

"ಇಲ್ಲ," ಎಂದಳು ಅಮ್ಮ. "ಇವನು ಕುಡಿದಿಲ್ಲ."

'ಇವನು' ಎಂದಾಗ ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿಸಿಕೊಂಡ. ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಆಸ್ಪತ್ರೆ ಅಂತ ತಡೆದುಕೊಂಡೆ, ಇಲ್ಲದಿದ್ದರೆ ಜಗಳವಾಡುವಷ್ಟು ಸಿಟ್ಟು ಬಂತು ನನಗೆ ಅಮ್ಮನ ಮೇಲೆ.

ಯಾಕೆಂದರೆ ಅಪ್ಪನೂ ಅದೇ ಮಂಟಪದಲ್ಲಿ, ಅದೇ ಸ್ವರದಲ್ಲಿ ಬಿದ್ದಿದ್ದ. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ವಾರ್ಷಿಕ ಕಾರ್ಯಕ್ರಮ, ಊರಿನ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿ. ಎತ್ತಲು ಹೋದವರಿಗೆ ವಾಸನೆ ಬಂತಂತೆ. ಕುಡಿದು ಬಂದಿದ್ದಾನೆ ಎಂದು ಬ್ಯಾಂಡಿನವರು ಮಾರನೆಯ ದಿನವೇ ಕೆಲಸದಿಂದ ತೆಗೆದರು. ಟ್ರಂಪೆಟ್ಟಿನ ತುಟಿಗಿಡುವ ತುದಿಯನ್ನು ತೊಳೆಯುವ ಸ್ಪಿರಿಟ್ಟಿನ ವಾಸನೆ ಅದು ಎಂದು ಅಪ್ಪ ಹೇಳಿದ. ಯಾರೂ ಸೊಪ್ಪು ಹಾಕಲಿಲ್ಲ. ಅಮ್ಮನೂ ಹಾಕಲಿಲ್ಲ. "ನಾನೇ ಮೂಸಿದ್ದೀನಿ," ಎನ್ನುತ್ತಿದ್ದಳು. ಸ್ನೇಹಿತರ ಮನೆಯಲ್ಲಿ ಯಾವಾಗಲಾದರೂ ಒಂದು ಲೋಟ ಕುಡಿದು ಬರುತ್ತಿದ್ದ ಮನುಷ್ಯ, ಅವತ್ತು ಕುಡಿದಿರಲಿಲ್ಲ ಎಂದರೆ ನಂಬುವುದು ಹೇಗೆ? ಅಪ್ಪ ಆಮೇಲೆ ಒಂದು ತೊಟ್ಟೂ ಮುಟ್ಟಲಿಲ್ಲ. ಅದನ್ನೂ ಅಮ್ಮ ತಪ್ಪೊಪ್ಪಿಗೆ ಎಂದೇ ತಿಳಿದಳು. ಮನೆಯ ಹಿಂದಿನ ಕೋಣೆಯಲ್ಲಿ ಅಪ್ಪ ಬೇರೆಯವರ ವಾದ್ಯಗಳ ನೆಗ್ಗು ತೆಗೆಯುತ್ತ ಜೀವನ ಮಾಡಿದ. ಸರಿಯಾಯಿತೋ ಇಲ್ಲವೋ ನೋಡಲು ಒಂದೇ ಒಂದು ಸ್ವರ ಊದುತ್ತಿದ್ದ, ಅದೂ ತಗ್ಗಿನದು.

ಅಣ್ಣನ ಎದೆಬಡಿತದ ಪರೀಕ್ಷೆ, ತಲೆಯ ಸ್ಕ್ಯಾನು, ರಕ್ತ, ಸಕ್ಕರೆ ಎಲ್ಲ ಆಯಿತು. ಎಲ್ಲವೂ ಸರಿಯಿದೆ ಎಂದರು. ಸರಿಯಿರುವುದೇ ತೊಂದರೆಗೆ ಬಂತು. ಏನಾದರೂ ಕಾಯಿಲೆ ಸಿಕ್ಕಿದ್ದರೆ ಔಷಧಿ ಕೊಡುತ್ತಿದ್ದರು. ಸಿಗದೆ ಹೋದದ್ದರಿಂದ ಬ್ಯಾಂಡಿನಲ್ಲಿ ಗುಸುಗುಸು ಶುರುವಾಯಿತು, ಅಪ್ಪನ ಹಾಗೇ ಮಗ ಎಂದು.

ಬ್ಯಾಂಡ್ ಮಾಸ್ಟರ್ ಕೆಟ್ಟವರಲ್ಲ. ಮನೆಗೇ ಬಂದು ಹೇಳಿದರು. "ಯಾಕೆ ಬಿದ್ದೆ ಅಂತ ಗೊತ್ತಾಗೋವರೆಗೆ ನಿನ್ನನ್ನ ನಿಲ್ಲಿಸೋಕೆ ನನಗೆ ಧೈರ್ಯ ಇಲ್ಲ ಮಾರಾಯ. ವಾರ್ಷಿಕ ಕಾರ್ಯಕ್ರಮ ಹತ್ತಿರ ಬಂತು. ಕಾರಣ ತಗೊಂಡು ಬಾ, ಜಾಗ ನಿನ್ನದೇ. ಇಲ್ಲಾಂದ್ರೆ ತಾಳ ಹಿಡ್ಕೋ."

ತಾಳ ಹಿಡಿಯುವುದೆಂದರೆ ಕೊನೆಯ ಸಾಲಿನಲ್ಲಿ ನಿಂತು ಆಗಾಗ ಝಣ್ ಎನ್ನಿಸುವುದು. ಅಣ್ಣ ಅವತ್ತು ಊಟ ಮಾಡಲಿಲ್ಲ.

"ಏ ಟಾರ್ಚು," ಎಂದ ನನಗೆ. "ಊರವರ ತಲೆಗೆಲ್ಲ ಲೈಟು ಬಿಡ್ತೀಯಲ್ಲ. ನನ್ನ ತಲೇಲಿ ಏನಿದೆ ಅಂತ ಒಂದ್ಸಲ ನೋಡು."

"ಏನೂ ಇಲ್ಲದಿದ್ರೆ?"

"ಆಗ ನೀನು ಚಿಕ್ಕಂದಿನಿಂದ ಹೇಳ್ತಿದ್ದದ್ದು ನಿಜ ಅಂತಾಯ್ತು."

ನಗಿಸಿದ, ಸರಿ. ಆದರೆ ತಾನು ನಗಲಿಲ್ಲ.

ಮೇಡಂ ಒಪ್ಪಲು ಒಂದು ನಿಮಿಷವೂ ಮೀನಮೇಷ ಎಣಿಸಲಿಲ್ಲ. ಲೆಕ್ಕ ಮಾಡುವವರ ತಲೆ, ನಿದ್ದೆ ಮಾಡುವವರ ತಲೆ, ಸುಳ್ಳು ಹೇಳುವವರ ತಲೆ ಎಲ್ಲ ನೋಡಿದ್ದ ಅವರಿಗೆ ಟ್ರಂಪೆಟ್ ಊದುವವನ ತಲೆ ಹೊಸದು. ಕಣ್ಣು ಅರಳಿತು. "ಕರ್ಕೊಂಡು ಬನ್ನಿ, ಕರ್ಕೊಂಡು ಬನ್ನಿ," ಎಂದರು, ಅಣ್ಣ ಯಾವುದೋ ಅಪರೂಪದ ಹಕ್ಕಿ ಎಂಬಂತೆ.

ನಮ್ಮ ಕೋಣೆ ಚಿಕ್ಕದು. ಬೆಳಕು ಬರದಂತೆ ಕಪ್ಪು ಪರದೆ, ಒರಗುವ ಕುರ್ಚಿ, ಮೂಲೆಯಲ್ಲಿ ಯಂತ್ರ, ಅದರಿಂದ ಹೊರಟ ತಂತಿಗಳ ಜಡೆ. ಮೇಡಂ ಅವರ ನಿಯಮ ಒಂದು: ಬಂದವರಿಗೆ ಎಲ್ಲೂ ಬಿಗಿಯಾಗಬಾರದು. ಚಪ್ಪಲಿ ಬಿಡಿಸು, ಬೆಲ್ಟು ಸಡಿಲಿಸು, ಗಡಿಯಾರ ತೆಗೆಸು, ಅಂಗಿಯ ಮೇಲಿನ ಗುಂಡಿ ಬಿಚ್ಚಿಸು, ಒಂದು ಲೋಟ ನೀರು ಕೊಡು. ಮೈ ಹಗುರವಾದರೆ ಗೆರೆ ಚೊಕ್ಕವಾಗಿ ಬರುತ್ತದೆ. ಆ ಕೆಲಸ ನನ್ನದು. ಎಷ್ಟು ರೂಢಿಯಾಗಿದೆಯೆಂದರೆ ಮನೆಗೆ ನೆಂಟರು ಬಂದರೂ ನನ್ನ ಕೈ ಅವರ ಕಾಲರಿನ ಕಡೆ ಹೋಗುತ್ತದೆ.

ಅಣ್ಣನನ್ನೂ ಹಾಗೆಯೇ ಸಡಿಲಿಸಿ, ಹಣೆಗೆ ಕಪ್ಪು ಪಟ್ಟಿ ಕಟ್ಟಿ, ಕೂದಲು ಸರಿಸಿ ಸೆನ್ಸರುಗಳನ್ನು ಕೂರಿಸಿದೆ. ಪಟ್ಟಿಯ ಅಂಚಿನಲ್ಲಿ ಸಣ್ಣಗೆ ಕೆಂಪು ಸೋರುತ್ತಿತ್ತು. ಕಿಟಕಿಗಳನ್ನು ಮುಚ್ಚಿದೆವು. ಅಣ್ಣ ಊದಿದ.

ಆ ಚಿಕ್ಕ ಕೋಣೆಯಲ್ಲಿ ಟ್ರಂಪೆಟ್ ಕೇಳಿದ್ದೀರಾ? ಹಲ್ಲಿನ ಹುಳುಕು ಎಲ್ಲೆಲ್ಲಿದೆ ಎಂದು ಗೊತ್ತಾಗುತ್ತದೆ. ಪಕ್ಕದ ಕೋಣೆಯವರು ಗೋಡೆ ಬಡಿದರು. ನಾವು ಯಂತ್ರದ ಪರದೆಯಿಂದ ಕಣ್ಣು ಕೀಳಲಿಲ್ಲ. ಅವನು ಸ್ವರ ಏರಿಸಿದಂತೆ ಕೆಂಪು ಗೆರೆಯೂ ಏರುತ್ತ ಹೋಯಿತು. ಎತ್ತರದ ಸ್ವರ ಹಿಡಿದಾಗ ಅದು ಪರದೆಯ ನೆತ್ತಿಗೆ ಮುಟ್ಟಿತು. ಹಾಗೆ ಏರುವ ಗೆರೆಯನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅಬ್ಬಾ," ಎಂದರು ಮೇಡಂ. "ಮಿದುಳಿಗೆ ರಕ್ತ ಪ್ರವಾಹದ ಹಾಗೆ ನುಗ್ತಿದೆ! ಇಷ್ಟೊಂದು ಆಮ್ಲಜನಕ ಇದ್ದವನು ಬೀಳೋದು ಹೇಗೆ?"

ನನಗೂ ಮೈ ಜುಮ್ ಎಂದಿತು. ಮಾರನೆಯ ದಿನವೇ ದೊಡ್ಡ ಸಭೆಯಲ್ಲಿ ನಿಂತು ಇದನ್ನು ತೋರಿಸುವಂತೆ ಮನಸ್ಸಿನಲ್ಲೇ ಭಾಷಣ ಶುರುವಾಗಿತ್ತು. ಅಷ್ಟರಲ್ಲಿ ಅಣ್ಣನ ಮುಖ ನೋಡಿದೆ. ಇಟ್ಟಿಗೆಯಂತೆ ಕೆಂಪಾಗಿತ್ತು. ಹಣೆಯ ನರಗಳು ಉಬ್ಬಿ ಪಟ್ಟಿಯ ಕೆಳಗಿನಿಂದ ಇಣುಕುತ್ತಿದ್ದವು. ಕುಂಬಳಕಾಯಿ ನೆನಪಾಯಿತು.

"ಮೇಡಂ, ಬೆಳಕು ಎಲ್ಲಿಗೆ ಹೋಗಿ ಬಂತು?" ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು, ಅಣ್ಣನ ಹಣೆ ನೋಡಿದರು, ತಮ್ಮ ಹಣೆ ಚಚ್ಚಿಕೊಂಡರು. ಬೆಳಕು ಮಿದುಳಿಗೆ ಹೋಗಬೇಕಾದರೂ ಚರ್ಮ ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಊದುವಾಗ ಮುಖಕ್ಕೆಲ್ಲ ರಕ್ತ ಏರುತ್ತದೆ. ನಾವು ಅಣ್ಣನ ಮಿದುಳು ಎಂದುಕೊಂಡು ಅವನ ಹಣೆಯ ಚರ್ಮವನ್ನು ನೋಡಿ ಖುಷಿಪಡುತ್ತಿದ್ದೆವು. ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ಪೆಚ್ಚುತನ ಅದು.

ಅದಕ್ಕೂ ಉಪಾಯವಿದೆ. ಬೆಳಕು ಬಿಡುವ ಜಾಗಕ್ಕೆ ತೀರಾ ಹತ್ತಿರದಲ್ಲಿ ಇನ್ನೊಂದು ಸೆನ್ಸರ್ ಇಟ್ಟರೆ ಅದಕ್ಕೆ ಚರ್ಮವಷ್ಟೇ ಕಾಣುತ್ತದೆ, ಆಳ ಕಾಣುವುದಿಲ್ಲ. ದೂರದ್ದರಿಂದ ಹತ್ತಿರದ್ದನ್ನು ಕಳೆದರೆ ಉಳಿಯುವುದು ಮಿದುಳು. ಮತ್ತೆ ಊದಿಸಿದೆವು, ಕಳೆದೆವು. ಪ್ರವಾಹ ಎಲ್ಲೋ ಹೋಯಿತು. ಎತ್ತರದ ಸ್ವರದಲ್ಲಿ ಮಿದುಳಿನ ಕೆಂಪು ಗೆರೆ ಏರುವ ಬದಲು ಸ್ವಲ್ಪ ಇಳಿಯಿತು, ಊದುವುದು ನಿಂತ ಕೂಡಲೇ ಮೊದಲಿನ ಜಾಗಕ್ಕೆ ಬಂತು. ಎದೆ ಬಿಗಿಹಿಡಿದು ಊದುವಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದರ ಪರಿಣಾಮ ಇದು ಎಂದು ಮೇಡಂ ವಿವರಿಸಿದರು. ಊದುವವರಿಗೆಲ್ಲ ಅಷ್ಟಿಷ್ಟು ಆಗುವಂಥದ್ದು. ಇಷ್ಟಕ್ಕೆಲ್ಲ ಯಾರೂ ಬೀಳುವುದಿಲ್ಲ.

"ಅಂದ್ರೆ ಎಲ್ಲ ಸರಿಯಿದೆ," ಎಂದ ಅಣ್ಣ, ಪಟ್ಟಿ ಬಿಚ್ಚುತ್ತ.

"ಸರಿಯಿದೆ."

"ಹಾಗಾದ್ರೆ ಕುಡಿದಿದ್ದೆ ಅಂತಲೇ ಬರ್ಕೊಡು."

ಹೇಳಿದ್ದು ನಗುತ್ತಲೇ. ಬಾಗಿಲ ಹತ್ತಿರ ಹೋಗಿ ಕಣ್ಣೊರೆಸಿಕೊಂಡ.

ಆ ಸಂಜೆ ನಾನು ಹಿಂದಿನ ಕೋಣೆಗೆ ಹೋದೆ. ಅಪ್ಪ ಯಾರದೋ ಟ್ರಂಪೆಟ್ಟಿನ ಅಗಲ ಬಾಯಿಯನ್ನು ಮರದ ಗುಂಡಿನ ಮೇಲೆ ಕೂರಿಸಿ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಿದ್ದ. ಕಪಾಟಿನಲ್ಲಿ ಎಣ್ಣೆ, ಸ್ಪಿರಿಟ್ಟಿನ ಬಾಟಲಿ, ಬಟ್ಟೆಯ ತುಂಡುಗಳು. ನನಗೆ ತಲೆಬುಡ ತಿಳಿಯದೆ ತಲೆ ಕೆಟ್ಟಿತ್ತು. ಹಾಗಾಗಿ ನೇರವಾಗಿ ಕೇಳಿದೆ.

"ಅಪ್ಪ, ನೀನು ಬಿದ್ದಾಗ ಏನಾಯ್ತು?"

ಸುತ್ತಿಗೆ ನಿಂತಿತು. "ಕುಡಿದಿರಲಿಲ್ಲ," ಎಂದ ಅಪ್ಪ.

"ಅದಲ್ಲ ಅಪ್ಪ. ಏನು ಕಾಣಿಸ್ತು, ಏನು ಕೇಳಿಸ್ತು, ಅದು."

ಅಪ್ಪ ಸುತ್ತಿಗೆ ಕೆಳಗಿಟ್ಟ. "ಇದನ್ನ ಯಾರೂ ಕೇಳಿರಲಿಲ್ಲ," ಎಂದ. ಆಮೇಲೆ ನಿಧಾನವಾಗಿ ಹೇಳಿದ. ಮೊದಲು ಸುತ್ತಲ ಶಬ್ದ ದೂರ ಹೋಯಿತಂತೆ. ಊದುತ್ತಿರುವುದು ತಾನೇ, ಆದರೆ ಬೇರೆ ಬೀದಿಯಲ್ಲಿ ಯಾರೋ ಊದುತ್ತಿದ್ದ ಹಾಗೆ. ಆಮೇಲೆ ನೋಟದ ಅಂಚು ಕಪ್ಪಾಗುತ್ತ ಬಂದು, ನಡುವೆ ಮಾಸ್ಟರ್ ಕೈಯಲ್ಲಿದ್ದ ಕೋಲೊಂದೇ ಉಳಿದು, ಅದೂ ಹೋಯಿತು. ಎಚ್ಚರವಾದಾಗ ಬೂಟುಗಳು ಕಂಡವು.

"ಇಲ್ಲಿ ಮನೇಲಿ ಊದೋವಾಗ ಒಂದು ದಿನವೂ ಹಾಗಾಗಿಲ್ಲ," ಎಂದ. "ಬನಿಯನ್ ಹಾಕ್ಕೊಂಡು ದಿನಾ ಅದೇ ಸ್ವರ ಊದ್ತಿದ್ದೆ. ಆಗಿದ್ದು ಅಲ್ಲಿ ಮಾತ್ರ, ಅದೂ ಅವತ್ತು ಮಾತ್ರ."

ನಾನು ಇದನ್ನು ಮೇಡಂಗೆ ಹೇಳಿದೆ. ಮನೆಯಲ್ಲಿ ಆಗದ್ದು, ಪ್ರಯೋಗಾಲಯದಲ್ಲಿ ಆಗದ್ದು, ಮಂಟಪದಲ್ಲಿ ಆಗುತ್ತದೆ. ಹಾಗಾದರೆ ಮಂಟಪದಲ್ಲಿ ಹೆಚ್ಚಿಗೆ ಏನಿದೆ? ಮೇಡಂಗೆ ಇಂಥ ಪ್ರಶ್ನೆ ಸಿಕ್ಕಿದರೆ ಹಬ್ಬ. ಒಂದೊಂದನ್ನೇ ಸೇರಿಸಿ ನೋಡೋಣ ಎಂದರು. ಅಣ್ಣನನ್ನು ನಿಲ್ಲಿಸಿ ಊದಿಸಿದೆವು. ಗೆರೆ ಜಗ್ಗಲಿಲ್ಲ. ಹೀಟರ್ ಹಚ್ಚಿ ಕೋಣೆ ಕಾಯಿಸಿದೆವು. ಬೆವೆತ, ಬೀಳಲಿಲ್ಲ. ಜನರ ಅಂಜಿಕೆ ಇರಬಹುದೆಂದು ಕಚೇರಿಯವರನ್ನೆಲ್ಲ ಕರೆದು ಎದುರಿಗೆ ಕೂರಿಸಿದೆವು. ಗೋಡೆ ಬಡಿದವರೂ ಬಂದು ಚಪ್ಪಾಳೆ ತಟ್ಟಿದರು. ಅಣ್ಣ ಮೈಮರೆತು ಇನ್ನೂ ಎರಡು ಹಾಡು ನುಡಿಸಿದ. ಅಂಜಿಕೆಯ ಮಾತು ಅಲ್ಲಿಗೆ ಮುಗಿಯಿತು.

ಕೊನೆಯ ಪರೀಕ್ಷೆಗೆ ಅವನು ಬ್ಯಾಂಡಿನ ಕೋಟು ಹಾಕಿಕೊಂಡು ಬಂದ. ವಾರ್ಷಿಕ ಕಾರ್ಯಕ್ರಮಕ್ಕೆ ಎಲ್ಲರ ಗುಂಪು ಫೋಟೋ ತೆಗೆಸುವುದಿತ್ತು, ಅವನ ಜಾಗವನ್ನು ಮಾಸ್ಟರ್ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಎರಡನೆಯ ಸಾಲಿನವರದು ಸಾಮಾನ್ಯ ಕೋಟು, ಕೊರಳು ತೆರೆದದ್ದು. ಮೊದಲ ಟ್ರಂಪೆಟ್ಟಿನದು ಕೊರಳವರೆಗೂ ಮುಚ್ಚಿ, ಗಂಟಲ ಹತ್ತಿರ ಹಿತ್ತಾಳೆಯ ಕೊಕ್ಕೆ ಹಾಕುವ, ಭುಜಕ್ಕೆ ಜರಿಯ ಪಟ್ಟಿಯ ಕೋಟು. ಅದು ಸ್ವಂತ ಹೊಲಿಸಿಕೊಳ್ಳಬೇಕು. ಇವನದು ಅಪ್ಪನದೇ ಕೋಟು. ಅಮ್ಮ ನುಸಿಗುಳಿಗೆ ಹಾಕಿ ಎತ್ತಿಟ್ಟಿದ್ದಳು. ಈ ಜಾಗ ಬಂದ ಮೇಲೆ ಹೊರಗೆ ತೆಗೆದು ಕೊಟ್ಟಳು.

"ಬನ್ನಿ ಬನ್ನಿ," ಎಂದರು ಮೇಡಂ. "ಕೊಕ್ಕೆ ಬಿಚ್ಚಿ, ಆರಾಮಾಗಿ ಕೂತ್ಕೊಳ್ಳಿ."

ನನ್ನ ಕೈ ರೂಢಿಯಂತೆ ಅಣ್ಣನ ಕೊರಳಿಗೆ ಹೋಗಿಯೇ ಬಿಟ್ಟಿತ್ತು. ಕೊಕ್ಕೆ ಮುಟ್ಟಿದೆ. ಕಾಲರ್ ಹಲಗೆಯಂತೆ ಗಟ್ಟಿಯಾಗಿತ್ತು, ಒಳಗೆ ಒಂದು ಬೆರಳೂ ತೂರುವಂತಿರಲಿಲ್ಲ. ಅಲ್ಲೇ ನಿಂತುಬಿಟ್ಟೆ.

"ಬಿಚ್ಚಬೇಡ," ಎಂದೆ. "ಮೇಡಂ, ನಾವು ಪ್ರತಿ ಸಲ ಕೊರಳು ಬಿಚ್ಚಿಸಿದ್ದೀವಿ. ಬೆಳಕು ಸರಿಯಾಗೇ ಹೋಗಿ ಬಂದಿದೆ. ನಾವು ಬೆಳಕು ಬಿಟ್ಟ ತಲೆಯೇ ಬೇರೆ. ಮಂಟಪದ ಮೇಲೆ ಇದ್ದದ್ದು ಈ ತಲೆ, ಈ ಕೊಕ್ಕೆ ಹಾಕಿದ್ದು."

ಮೇಡಂ ಕೊಕ್ಕೆಯನ್ನೊಮ್ಮೆ ಮುಟ್ಟಿ ನೋಡಿದರು. ಆಮೇಲೆ ಫೋನ್ ತೆಗೆದು ಎದುರಿನ ಆಸ್ಪತ್ರೆಯ ಡಾಕ್ಟರನ್ನು ಕರೆಸಿದರು. ಅಣ್ಣನ ಹಿಂದೆ ದಪ್ಪ ಹಾಸಿಗೆ ಹಾಸಿದೆವು. ಡಾಕ್ಟರು ನಾಡಿ ಹಿಡಿದು ನಿಂತರು. ನಾನು ಕೊಕ್ಕೆಯ ಹತ್ತಿರ ಕೈ ಇಟ್ಟುಕೊಂಡು, ಕಣ್ಣನ್ನು ಪರದೆಯ ಮೇಲೆ ಇಟ್ಟುಕೊಂಡು ನಿಂತೆ.

ಅಣ್ಣ ಊದಿದ. ತಗ್ಗಿನ ಸ್ವರಗಳಲ್ಲಿ ಏನೂ ಆಗಲಿಲ್ಲ. ಏರುತ್ತ ಹೋದಂತೆ ಅವನ ಕುತ್ತಿಗೆ ಉಬ್ಬಿ ಕಾಲರಿಗೆ ಒತ್ತಿಕೊಂಡಿತು. ಎತ್ತರದ ಸ್ವರ ಹಿಡಿದ. ಕೆಂಪು ಗೆರೆ ಎಂದಿನಂತೆ ಸ್ವಲ್ಪ ಇಳಿಯಿತು. ಆಮೇಲೆ ನಿಲ್ಲಲಿಲ್ಲ. ಮೆಟ್ಟಿಲ ಮೇಲಿಂದ ಚೆಂಡು ಉರುಳಿದ ಹಾಗೆ ಇಳಿಯುತ್ತಲೇ ಹೋಯಿತು.

"ನಾಡಿ ಹೋಗ್ತಿದೆ, ಬಿಚ್ಚಿ!" ಎಂದರು ಡಾಕ್ಟರು.

ಅಣ್ಣನ ಕಣ್ಣು ಮೇಲೆ ಸರಿಯುತ್ತಿತ್ತು. ಕೊಕ್ಕೆ ಕಿತ್ತೆ. ಗುಂಡಿಯೂ ಕಿತ್ತು ಬಂತು. ಅವನು ನನ್ನ ಮೇಲೆ ಒರಗಿದ, ಇಬ್ಬರೂ ಸೇರಿ ಹಾಸಿಗೆಯ ಮೇಲೆ ಬಿದ್ದೆವು. ಬಿದ್ದಲ್ಲಿಂದಲೇ ಕತ್ತೆತ್ತಿ ಪರದೆ ನೋಡಿದೆ. ಕೆಂಪು ಗೆರೆ ಅಡಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ನಿಧಾನವಾಗಿ ಏರಿತು. ಇಷ್ಟು ವರ್ಷ ಗೆರೆಗಳನ್ನು ನೋಡಿದ್ದೇನೆ. ನನ್ನ ಒಡಹುಟ್ಟಿದವನ ತಲೆಗೆ ರಕ್ತ ಮರಳಿ ಬರುವುದನ್ನು ಅವತ್ತು ನೋಡಿದೆ. ಅಳು ಬಂತು, ಅತ್ತೆ.

"ಏ ಟಾರ್ಚು," ಎಂದ ಅಣ್ಣ, ಕಣ್ಣು ಬಿಟ್ಟು. "ಮೇಲಿಂದ ಏಳೇ, ಭಾರ."

ಡಾಕ್ಟರು ವಿಷಯ ಬಿಡಿಸಿ ಹೇಳಿದರು. ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಅವುಗಳ ಗೋಡೆಯಲ್ಲಿ ರಕ್ತದ ಒತ್ತಡ ಗಮನಿಸುವ ಒಂದು ಜಾಗ ಇದೆ. ಹೊರಗಿನಿಂದ ಅಲ್ಲಿ ಒತ್ತಿದರೆ ಅದು ಒತ್ತಡ ಹೆಚ್ಚಾಯಿತೆಂದು ತಪ್ಪು ತಿಳಿದು ಹೃದಯವನ್ನು ನಿಧಾನಿಸಿಬಿಡುತ್ತದೆ. ಕೆಲವರಿಗೆ ಆ ಜಾಗ ಬಹಳ ಸೂಕ್ಷ್ಮ. ಬಿಗಿ ಕಾಲರ್, ಅದರ ಮೇಲೆ ಉಬ್ಬಿದ ಕುತ್ತಿಗೆ, ಅದರ ಮೇಲೆ ಬಿಗಿಹಿಡಿದ ಉಸಿರು, ಮೂರೂ ಸೇರಿದರೆ ನೆಲ ಹಿಡಿಯಲೇಬೇಕು. ಅಪ್ಪನಿಗೆ ಇದ್ದರೆ ಮಗನಿಗೂ ಇರಬಹುದೇ ಎಂದು ಕೇಳಿದೆ. ಇರಬಹುದು ಎಂದರು.

ಬ್ಯಾಂಡ್ ಮಾಸ್ಟರ್ ಕಾರಣ ಕೇಳಿ ಬೆಪ್ಪಾಗಿ, ಆಮೇಲೆ ಜೋರಾಗಿ ನಕ್ಕರು. "ಇಷ್ಟೇನಾ? ಕೊರಳು ಬಿಟ್ಕೊಂಡು ಊದು ಮಾರಾಯ, ಜಾಗ ನಿನ್ನದೇ!" ಅಣ್ಣ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಮನೆಗೆ ಬಂದ.

ನನಗೆ ಸಿಳ್ಳೆ ಬರಲಿಲ್ಲ. ಮನೆಯಲ್ಲಿ ಹೇಳಬೇಕಾದ ಮಾತಿನ ಇನ್ನೊಂದು ತುದಿ ಅಪ್ಪನಿಗೆ ತಗಲುತ್ತಿತ್ತು.

ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲ ಹೇಳಿದೆ. ಅಮ್ಮ ಕೇಳುತ್ತ ಕೇಳುತ್ತ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಜೀವನವೆಲ್ಲ ಅಕ್ಕಪಕ್ಕದವರ ಬಟ್ಟೆ ಹೊಲಿದ ಕೈ ಅದು. ಬ್ಲೇಡು ತಂದು ಕಾಲರಿನ ಹೊಲಿಗೆ ಬಿಚ್ಚತೊಡಗಿದಳು. ಒಳಗಿನಿಂದ ಬಕ್ರಂ ಬಂತು, ಕಾಲರ್ ನೆಟ್ಟಗೆ ನಿಲ್ಲಲೆಂದು ಒಳಗೆ ಹಾಕುವ ಗಟ್ಟಿ ಬಟ್ಟೆ. ಒಂದು ಪದರ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

"ಮೂರು ಯಾಕಮ್ಮ?" ಎಂದ ಅಣ್ಣ.

ಅಮ್ಮ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಸವರಿದಳು. "ಕಾಲರ್ ಜೋತು ಬಿದ್ದಿತ್ತು," ಎಂದಳು. "ದೊಡ್ಡವರೆಲ್ಲ ಬರ್ತಾರೆ, ಮುಂದೆ ನಿಲ್ಲೋ ಮನುಷ್ಯ, ನೆಟ್ಟಗಿರಲಿ ಅಂತ ಹಾಕ್ದೆ. ಅದೇ ವಾರ."

ಅಪ್ಪ ಬಿದ್ದ ವಾರ.

"ಅಮ್ಮ, ಅಪ್ಪನ ತಲೆಯೊಳಗೆ ಅವತ್ತು ಏನಾಯ್ತು ಅಂತ ತೋರಿಸೋ ಗೆರೆ ನನ್ನ ಹತ್ರ ಇಲ್ಲ," ಎಂದೆ. ನಿಜ ಹೇಳಬೇಕಲ್ಲ.

"ನನಗೆ ಗೆರೆ ಬೇಡ," ಎಂದಳು.

ಎದ್ದು ಹಿಂದಿನ ಕೋಣೆಗೆ ಹೋದಳು. ನಾವಿಬ್ಬರೂ ಬಾಗಿಲವರೆಗೆ ಹೋಗಿ ನಿಂತೆವು. ಅಪ್ಪ ಕೆಲಸ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದ. ಗೋಡೆ ತೆಳು, ಎಲ್ಲ ಕೇಳಿಸಿರಬೇಕು. ಅಮ್ಮ ಕಪಾಟಿನಿಂದ ಸ್ಪಿರಿಟ್ಟಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ಹಿಡಿದಳು. ಇಷ್ಟು ವರ್ಷ ಆ ಕೋಣೆ ಗುಡಿಸಿದವಳು, ಆ ಬಾಟಲಿಯನ್ನು ಒಂದು ದಿನವೂ ಮೂಸಿ ನೋಡಿರಲಿಲ್ಲ.

"ಇದೇ ವಾಸನೆ," ಎಂದಳು.

"ಹೂಂ," ಎಂದ ಅಪ್ಪ.

"ಅವತ್ತೂ ಇದನ್ನೇ ಹೇಳಿದ್ರಿ."

"ಹೂಂ."

ಅಮ್ಮ ಬಾಟಲಿಯ ಮುಚ್ಚಳ ಮುಚ್ಚಿದಳು. "ಬಿಗಿ ಅಂತ ಒಂದು ಮಾತು ಹೇಳಬಾರದಿತ್ತಾ ನೀವು?"

ಅಪ್ಪ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಮಡಚಿದ. "ಕನ್ನಡಿ ಮುಂದೆ ನಿಂತಾಗ ಅನ್ನಿಸ್ತು, ಸ್ವಲ್ಪ ಬಿಗಿ ಅಂತ. ನೀನು ಹಿಂದೆ ನಿಂತು ನೋಡ್ತಿದ್ದೆ. ಅಷ್ಟು ಚೆನ್ನಾಗಿ ಹೊಲಿದಿದ್ದೆ. ಹೇಗೆ ಹೇಳೋದು?"

ಅಮ್ಮ ಅಲ್ಲೇ ನಿಂತು ಅತ್ತಳು. ಅಪ್ಪ ಕೂತಲ್ಲಿಂದಲೇ ಕೈ ಚಾಚಿದ. ಪಕ್ಕದ ಸ್ಟೂಲನ್ನು ಅವಳ ಕಡೆಗೆ ಸರಿಸಿದ. ಅವಳು ಕೂರಲಿಲ್ಲ. ಮುಖ ಒರೆಸಿಕೊಂಡು, ಕೊರಳಲ್ಲಿ ಯಾವಾಗಲೂ ನೇತಾಡುವ ಅಳತೆಯ ಟೇಪನ್ನು ತೆಗೆದಳು.

"ನೆಟ್ಟಗೆ ಕೂತ್ಕೊಳ್ಳಿ."

"ಯಾಕೆ?"

"ಅಳತೆ ತಗೋಬೇಕು. ಕಾರ್ಯಕ್ರಮಕ್ಕೆ ಬರ್ತೀರಲ್ಲ, ಮುಂದಿನ ಸಾಲಲ್ಲಿ ಕೂರೋಕೆ ಕೋಟು ಬೇಡ್ವಾ?"

ಅಪ್ಪ ಅವತ್ತಿನಿಂದ ಆ ಉದ್ಯಾನದ ಬೀದಿಗೂ ಕಾಲಿಟ್ಟವನಲ್ಲ. ಅಣ್ಣ ನನ್ನ ತೋಳು ಹಿಡಿದ. ಅಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕತ್ತು ಮುಂದೆ ಮಾಡಿದ.

ಅಮ್ಮ ಟೇಪು ಸುತ್ತಿ ಒಳಗೆ ಎರಡು ಬೆರಳು ತೂರಿಸಿದಳು. ನೋಡಿ, ಮೂರನೆಯದನ್ನೂ ತೂರಿಸಿದಳು. ಸಾಲದೆನಿಸಿರಬೇಕು.

"ಊದೋವಾಗ ಎಷ್ಟು ಉಬ್ಬುತ್ತೆ ಅಂತ ಗೊತ್ತಾಗ್ಬೇಕು," ಎಂದಳು. "ಊದಿ."

ಅಪ್ಪ ಮೇಜಿನ ಮೇಲಿದ್ದ, ನೆಗ್ಗು ತೆಗೆದು ಮುಗಿಸಿದ್ದ ಟ್ರಂಪೆಟ್ಟನ್ನು ನೋಡಿದ. ಎತ್ತಿಕೊಂಡು ತುಟಿಗೆ ಇಟ್ಟ. ತಗ್ಗಿನದನ್ನೇ ಊದುತ್ತಾನೆ ಅಂದುಕೊಂಡೆ. ಅವನು ಅಲ್ಲಿಂದ ಶುರುಮಾಡಿ ಏರುತ್ತ ಹೋದ. ತುಟಿಗೆ ಅಭ್ಯಾಸ ತಪ್ಪಿತ್ತು, ಸ್ವರ ಒಂದೆರಡು ಕಡೆ ಒಡೆಯಿತು. ಆಮೇಲೆ ಆ ಎತ್ತರದ್ದನ್ನು ಹಿಡಿದ. ಹಣೆ ಕೆಂಪಾಯಿತು, ಕುತ್ತಿಗೆ ಉಬ್ಬಿತು, ಟೇಪು ಅಮ್ಮನ ಬೆರಳುಗಳ ನಡುವೆ ತಾನಾಗಿ ಜಾರಿ ಸಡಿಲವಾಯಿತು. ಸ್ವರ ಮುಗಿಯುವವರೆಗೂ ಅಮ್ಮ ಕೈ ತೆಗೆಯಲಿಲ್ಲ.